ಆರು ತಿಂಗಳ ಗರ್ಭಿಣಿ, ನಲಿ-ಕಲಿ ಕ್ಲಾಸು, ಯಾರ ಮುಖದಲ್ಲೂ ಮಾಸ್ಕ್ ಇಲ್ಲ. ಏನು ಮಾಡಲಿ?

ಬೀಳಗಿ ಟೀಚರ್ (ಜೂನ್ 2022)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಆರು ತಿಂಗಳು ಮುಗಿಯುತ್ತಾ ಬಂತು, ಮೊದಲನೇ ಹೆರಿಗೆ. ಮೇ 16ಕ್ಕೆ ಶಾಲೆ ಶುರುವಾದಾಗಿನಿಂದ ನನಗೆ ನಲಿ-ಕಲಿ, ಅಂದರೆ ಚಿಕ್ಕ ಮಕ್ಕಳಿಗೆ ಚಟುವಟಿಕೆ ಮೂಲಕ ಕಲಿಸುವ ಕ್ಲಾಸು. ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ, 38 ಮಕ್ಕಳು.

ನಲಿ-ಕಲಿ ಮಾಡಿದವರಿಗೆ ಗೊತ್ತು, ಅದು ದೂರ ನಿಂತು ಪಾಠ ಮಾಡುವ ಕ್ಲಾಸಲ್ಲ. ತಟ್ಟೆಯಲ್ಲಿ (ಮಕ್ಕಳ ಗುಂಪಿಗೆ ಹಾಗೆ ಅಂತೀವಿ) ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು, ಕಾರ್ಡ್ ಹಿಡಿದು ಒಬ್ಬೊಬ್ಬರನ್ನೇ ಹತ್ತಿರ ಕರೆದು ಓದಿಸಬೇಕು. ಮೊನ್ನೆ ಒಂದನೇ ತರಗತಿ ಹುಡುಗಿ, ಮೂಗು ಸೋರುತ್ತಿತ್ತು, ಸ್ಲೇಟಿನ ಮೇಲೆ ಸೀನಿದಳು, ಅಂಗೈಯಿಂದ ಒರೆಸಿದಳು, ಅದೇ ಕೈಯಲ್ಲಿ ನನ್ನ ಸೆರಗು ಹಿಡಿದು "ಟೀಚರ್, ಬರದೀನ್ರಿ ನೋಡ್ರಿ" ಅಂದಳು. ದೂರ ಸರಿಸಲು ಮನಸ್ಸು ಬರಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಹೋದ ಅಕ್ಟೋಬರ್‌ನಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ತೆರೆದಾಗ ಬಾಗಿಲಲ್ಲೇ ಜ್ವರ ನೋಡುತ್ತಿದ್ದೆವು, ಕೈಗೆ ಸ್ಯಾನಿಟೈಸರ್ ಹಾಕುತ್ತಿದ್ದೆವು, ದೂರ ದೂರ ಕೂರಿಸುತ್ತಿದ್ದೆವು. ಈಗ ಆ ಜ್ವರ ನೋಡುವ ಯಂತ್ರ ಬೀರುವಿನಲ್ಲಿದೆ. ಲಸಿಕೆ 12 ದಾಟಿದ ಮಕ್ಕಳಿಗೆ ಮಾತ್ರ ಬಂದಿದೆ, ನನ್ನ ಕ್ಲಾಸಿನ ಒಬ್ಬರಿಗೂ ಆಗಿಲ್ಲ. ನಾನೊಬ್ಬಳೇ ಮಾಸ್ಕ್ ಹಾಕುತ್ತೇನೆ, ಸಹೋದ್ಯೋಗಿಗಳು "ಕೊರೊನಾ ಹೋಗೇತಲ್ರಿ, ಇನ್ನೂ ಯಾಕ ಕಟ್ಟಗೊಂಡೀರಿ" ಅಂತಾರೆ.

ಹೆಡ್ ಮಾಸ್ಟರ್ ಹತ್ತಿರ ಏನಂತ ಕೇಳಲಿ? ಬಸುರಿ ಅಂತ ನೆಪ ಮಾಡ್ತಾಳೆ ಅನ್ನಿಸಿಕೊಳ್ಳಲು ಇಷ್ಟವಿಲ್ಲ. ಹೆರಿಗೆ ರಜೆ ಬೇಗ ತಗೊಂಡರೆ ಕೂಸಿನ ಜೊತೆ ಇರುವ ದಿನ ಕಡಿಮೆ ಆಗುತ್ತೆ, ಅದೂ ಒಂದು ಸಂಕಟ.

ಗೋಕಾಕದ ಅಕ್ಕ

ತಂಗಿ, ಮೊದಲು ಆ "ನೆಪ" ಅನ್ನೋ ಮಾತು ತಲೆಯಿಂದ ತೆಗೆದುಬಿಡು. ಹೋದ ವರ್ಷ ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ತರಗತಿ ತೆರೆದಾಗ ನನಗೆ ಏಳು ತಿಂಗಳು. ನಾನೂ ಬಾಯಿ ಮುಚ್ಚಿಕೊಂಡು ಹದಿನೈದು ದಿನ ಕಳೆದೆ. ಆಮೇಲೆ ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಸುಮ್ನೆ ಹೋಗಿ ಕೇಳಿದೆ, ಅರ್ಧ ಕೆಲಸ ಅವತ್ತೇ ಆಯಿತು. ಕೇಳದೆ ಇದ್ದರೆ ಯಾರಿಗೂ ಹೊಳೆಯಲ್ಲ, ಅದರಲ್ಲೂ ಗಂಡಸರಿಗೆ.

ನಿಯಮ ಸಡಿಲ ಆಗಿದೆ ನಿಜ. ಕೇಂದ್ರ ಗೃಹ ಇಲಾಖೆ ಮಾರ್ಚ್ 31ಕ್ಕೆ ವಿಪತ್ತು ಕಾಯ್ದೆಯಡಿ ಕೊಡುತ್ತಿದ್ದ ಕೊರೊನಾ ನಿಯಮಗಳ ಆದೇಶ ನಿಲ್ಲಿಸಿತು. ಆದರೆ ಮಾಸ್ಕ್ ಹಾಕಿ, ಕೈ ತೊಳೆಯಿರಿ ಅನ್ನುವ ಸಲಹೆ ತೆಗೆಯಲಿಲ್ಲ. ಯಾರಾದರೂ ನಕ್ಕರೆ ಅಷ್ಟನ್ನೇ ಹೇಳು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಿಟಕಿ. ಎರಡೂ ಕಡೆ ಕಿಟಕಿ ಇರುವ ಕೋಣೆ ಕೇಳಿಕೊಂಡೆ, ಗಾಳಿ ಬರುವ ಕಡೆ ಕುರ್ಚಿ ಹಾಕಿಕೊಂಡೆ. ಬಟ್ಟೆ ಮಾಸ್ಕ್ ಬಿಟ್ಟು ಎನ್-95 ಹಾಕಿದೆ. ಅದು ಹಾಕಿಕೊಂಡು ಗಟ್ಟಿಯಾಗಿ ಪಾಠ ಮಾಡಿದರೆ ಏಳನೇ ತಿಂಗಳಲ್ಲಿ ಉಸಿರು ಹತ್ತುತ್ತೆ. ಹಾಗಾಗಿ ಪ್ರತಿ ಪಿರಿಯಡ್ ಮಧ್ಯೆ ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಮಾಸ್ಕ್ ಇಳಿಸಿ ನೀರು ಕುಡಿದು ಬರುತ್ತಿದ್ದೆ. ಬಿಸಿಯೂಟದ ಹೊತ್ತಲ್ಲಿ ಎಲ್ಲರೂ ಒತ್ತಿಕೊಂಡು ಕೂತು ಉಣ್ಣುತ್ತಾರೆ ನೋಡು, ನೀನು ಕಟ್ಟೆ ಮೇಲೆ ಬೇರೆ ಕೂತು ಉಣ್ಣು. ಬೇಜಾರಾಗುತ್ತೆ, ಆದರೂ ಹಾಗೇ ಮಾಡು.

ವಿಜಯಪುರ ಸಿಸ್ಟರ್

ನಾನು ಸ್ಟಾಫ್ ನರ್ಸ್, ಹೆರಿಗೆ ವಾರ್ಡಿನಲ್ಲಿದ್ದೇನೆ. ಹೆದರಿಸಲು ಹೇಳುತ್ತಿಲ್ಲ ಮೇಡಂ. ಗರ್ಭಿಣಿಗೆ ಕೊರೊನಾ ಬಂದರೂ ಬಹಳ ಜನ ವಾಸಿ ಆಗುತ್ತಾರೆ. ಆದರೆ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಐಸಿಯು ಸೇರುವ ಸಂಭವ ಜಾಸ್ತಿ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಸಂಭವವೂ ಜಾಸ್ತಿ. ಹಾಗಾಗಿ ನಿಮ್ಮ ಭಯಕ್ಕೆ ಅರ್ಥ ಇದೆ.

ಲಸಿಕೆ ಎರಡೂ ಡೋಸ್ ಆಗಿದೆಯಾ? ನೀವು ಬರೆದಿಲ್ಲ. 2021ರ ಜುಲೈ 2ರಿಂದಲೇ ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಈಗಿನ (ಜೂನ್ 2022) ನಿಯಮದಂತೆ ಎರಡನೇ ಡೋಸ್ ಆಗಿ 9 ತಿಂಗಳು ದಾಟಿದ್ದರೆ ಮುನ್ನೆಚ್ಚರಿಕೆ ಡೋಸ್ (ಮೂರನೇ ಡೋಸ್) ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಸದ್ಯ ನಿಮ್ಮ ವಯಸ್ಸಿನವರಿಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ, ತಾಯಿ ಕಾರ್ಡ್ ಹಿಡಿದು ಹೋಗಿ ಅಲ್ಲೇ ಕೇಳಬಹುದು.

ಇನ್ನೊಂದು ಮಾತು, ಇದನ್ನು ಟೀಚರ್‌ಗಳು ಮರೀತಾರೆ. ಚಿಕ್ಕ ಮಕ್ಕಳ ಕ್ಲಾಸಲ್ಲಿ ಕೊರೊನಾ ಒಂದೇ ಅಲ್ಲ. ಯಾವುದೇ ಮಗುವಿಗೆ ಮೈಮೇಲೆ ನೀರುಗುಳ್ಳೆ ಎದ್ದು "ಅಮ್ಮ ಬಂದಾಳ" ಅಂತ ಮನೆಯವರು ಹೇಳಿದರೆ ಅದು ಚಿಕನ್‌ಪಾಕ್ಸ್ ಇರಬಹುದು. ನಿಮಗೆ ಚಿಕ್ಕವರಿದ್ದಾಗ ಅದು ಆಗಿತ್ತಾ ಅಂತ ಇವತ್ತೇ ನಿಮ್ಮ ತಾಯಿಯನ್ನು ಕೇಳಿ ಇಟ್ಟುಕೊಳ್ಳಿ. ಆಗಿಲ್ಲ ಅಂದರೆ ಅಂಥ ಮಗುವಿನ ಹತ್ತಿರ ಕೂತ ದಿನವೇ ಡಾಕ್ಟರಿಗೆ ಹೇಳಬೇಕು, ನಾಳೆ ನೋಡೋಣ ಅನ್ನಬಾರದು. ಜ್ವರ, ಉಸಿರಾಟಕ್ಕೆ ತೊಂದರೆ, ಕೂಸಿನ ಓಡಾಟ ಕಡಿಮೆ ಅನ್ನಿಸಿದರೂ ಅಷ್ಟೇ, ತಡ ಮಾಡಬೇಡಿ.

ಜಮಖಂಡಿಯ ಅತಿಥಿ ಶಿಕ್ಷಕಿ

ಅಕ್ಕಾರೆ, ನಿಮಗೆ ಯಾವಾಗ ರಜೆ ತಗೊಳ್ಳಲಿ ಅನ್ನೋ ಪ್ರಶ್ನೆಯಾದರೂ ಇದೆ. ನಾನು ಅತಿಥಿ ಶಿಕ್ಷಕಿ, ಎಷ್ಟು ದಿನ ಪಾಠ ಮಾಡಿದೆನೋ ಅಷ್ಟಕ್ಕೆ ಸಂಬಳ. ನನ್ನ ಎರಡನೇ ಮಗುವಿನ ಹೊತ್ತಲ್ಲಿ ಎಂಟು ತಿಂಗಳು ತುಂಬುವವರೆಗೂ ಟಂಟಂ ಆಟೋದಲ್ಲಿ ಹತ್ತು ಜನರ ಮಧ್ಯೆ ಒತ್ತಿಕೊಂಡು ಹೋಗಿದ್ದೇನೆ. ಬಿಟ್ಟರೆ ಮುಂದಿನ ವರ್ಷ ಕರೀತಾರೋ ಇಲ್ವೋ ಅಂತ ಭಯ. ನಿಮ್ಮ ಮೇಲೆ ಸಿಟ್ಟಿಲ್ಲ. ಇರುವ ಹಕ್ಕನ್ನು ಪೂರ್ತಿ ಬಳಸಿ ಅಂತ ಹೇಳಲಿಕ್ಕೆ ಬರೆದೆ. ಮತ್ತೆ, ನಿಮ್ಮ ಶಾಲೆಯಲ್ಲೂ ನಮ್ಮಂಥವರು ಇದ್ದರೆ ಹೆಡ್ ಮಾಸ್ಟರ್ ಹತ್ತಿರ ಅವರ ಪರವಾಗಿಯೂ ಒಂದು ಮಾತು ಆಡಿ. ನಮಗೆ ಕೇಳಲು ಧೈರ್ಯ ಸಾಲಲ್ಲ.

ಇಂಡಿ ತಾಲೂಕಿನ ಎಚ್‌ಎಂ

ನಾನು ಮುಖ್ಯ ಶಿಕ್ಷಕ, ಆ ಕಡೆಯಿಂದ ಹೇಳುತ್ತೇನೆ ಮೇಡಂ. ನಿಮ್ಮ ಹೆಡ್ ಮಾಸ್ಟರ್ ಮೊದಲು ಹೇಳುವ ಮಾತು "ನಲಿ-ಕಲಿ ತರಬೇತಿ ಆದವರು ನೀವೊಬ್ಬರೇ" ಅಂತ. ಅದಕ್ಕೆ ಉತ್ತರ ಮೊದಲೇ ಇಟ್ಟುಕೊಂಡು ಹೋಗಿ. ಇಡೀ ವರ್ಷಕ್ಕೆ ಬದಲಿ ಕೇಳಬೇಡಿ, ಹೆರಿಗೆ ರಜೆ ಶುರುವಾಗುವವರೆಗೆ ಅಂತ ಕೇಳಿ. ಐದನೇ ತರಗತಿಯ ಟೀಚರ್ ನಲಿ-ಕಲಿಗೆ ಬರಲಿ, ನೀವು ಅಲ್ಲಿಗೆ ಹೋಗಿ, ಕಾರ್ಡ್ ಮತ್ತು ಪ್ರಗತಿ ನೋಟದ (ಮಕ್ಕಳ ಕಲಿಕೆಯ ದಾಖಲೆ) ಬರವಣಿಗೆ ನಾನೇ ಮಾಡಿಕೊಡ್ತೀನಿ ಅನ್ನಿ. ಹೇಗೂ ನೀವು ರಜೆಗೆ ಹೋದ ಮೇಲೆ ಅವರೇ ನೋಡಿಕೊಳ್ಳಬೇಕು, ಈಗಿನಿಂದ ರೂಢಿ ಆಗುತ್ತೆ. ಇದು ಶಾಲೆಗೂ ಅನುಕೂಲ.

ರಜೆ ವಿಷಯ. ಹೆರಿಗೆ ರಜೆ 180 ದಿನ, ಪೂರ್ತಿ ಸಂಬಳ. ಅದನ್ನು ಮೊದಲೇ ಮುಗಿಸಬೇಡಿ. ವರ್ಷಕ್ಕೆ 20 ದಿನದಂತೆ ಅರ್ಧ ವೇತನ ರಜೆ ನಿಮ್ಮ ಲೆಕ್ಕದಲ್ಲಿ ಸೇರಿರುತ್ತೆ. ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಅದನ್ನು ಪರಿವರ್ತಿತ ರಜೆ ಮಾಡಿಸಿ ಪೂರ್ತಿ ಸಂಬಳದಲ್ಲಿ ಅರ್ಧದಷ್ಟು ದಿನ ತಗೊಳ್ಳಬಹುದು. ಹೆರಿಗೆಗೆ ಮುಂಚಿನ ವಾರಗಳಿಗೆ ಅದು ಸಾಕು. ಸೇವಾ ಪುಸ್ತಕ ತೆಗೆಸಿ ಎಷ್ಟಿದೆ ನೋಡಿ. 2021ರಲ್ಲಿ ಬಂದ ಶಿಶುಪಾಲನಾ ರಜೆ ಬೇರೆ ಇದೆ, ಅದೂ ಆರು ತಿಂಗಳು, ಕೂಸು ಹುಟ್ಟಿದ ಮೇಲೆ ಬೇಕಾದಾಗ ಕೇಳಬಹುದು. ಎಲ್ಲವನ್ನೂ ಅರ್ಜಿ ಬರೆದು ಕೊಡಿ, ಒಂದು ನಕಲು ಸಹಿ ಹಾಕಿಸಿ ಇಟ್ಟುಕೊಳ್ಳಿ.

ಬೀಳಗಿ ಟೀಚರ್

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಸಿಸ್ಟರ್, ಎರಡೂ ಡೋಸ್ ಆಗಿದೆ, ಸೆಪ್ಟೆಂಬರ್‌ನಲ್ಲಿ, 9 ತಿಂಗಳು ಈಗ ತುಂಬುತ್ತೆ. ಅವ್ವನಿಗೆ ಫೋನ್ ಮಾಡಿದೆ, ನನಗೆ ಎರಡನೇ ತರಗತಿಯಲ್ಲಿ ಅಮ್ಮ ಆಗಿತ್ತಂತೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ. ಅಷ್ಟು ಒಂದು ಸಮಾಧಾನ.

ಇವತ್ತು ಅರ್ಜಿ ಹಿಡಿದು ಹೋದೆ. ಸರ್ ಹೇಳಿದ ಹಾಗೆ ತರಬೇತಿಯ ಮಾತೇ ಮೊದಲು ಬಂತು. ರಜೆಗೆ ಹೋಗುವವರೆಗೆ ಮಾತ್ರ ಅಂದಾಗ ಒಪ್ಪಿದರು. ಸೋಮವಾರದಿಂದ ಐದನೇ ತರಗತಿ, 22 ಮಕ್ಕಳು, ಎರಡು ಕಿಟಕಿ. ಒಂದು ಕಿಟಕಿಯ ಚಿಲಕ ತುಕ್ಕು ಹಿಡಿದಿದೆ, ನಾಳೆ ನಮ್ಮ ಮನೆಯವರು ಬಂದು ಬಿಚ್ಚಿ ಕೊಡ್ತಾರೆ. ಜಮಖಂಡಿ ತಂಗಿ, ನಮ್ಮಲ್ಲೂ ಒಬ್ಬ ಅತಿಥಿ ಶಿಕ್ಷಕಿ ಇದ್ದಾರೆ, ಅವರಿಗೆ ನಾಲ್ಕನೇ ತಿಂಗಳು ಅಂತ ಇವತ್ತೇ ಗೊತ್ತಾಯಿತು. ಅವರ ವಿಷಯವೂ ಎತ್ತಿದ್ದೇನೆ. ಏನಾಗುತ್ತೆ ಅಂತ ಇಲ್ಲೇ ಬರೀತೀನಿ.