ಕಾಲುಭಾಗ ಸ್ಕೇಲ್ ಟೈಗರ್ ಮಾತ್: ಮೂಗು ಎತ್ತುತ್ತದೆ, ಬಲಕ್ಕೆ ವಾಲುತ್ತದೆ. ಸಹಾಯ ಬೇಕು

ಎರಡುರೆಕ್ಕೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ತಿಂಗಳು ಕೂತು ಕಿಟ್‌ನಿಂದ ಕಟ್ಟಿದ ಟೈಗರ್ ಮಾತ್ (ಮೇಲೊಂದು ಕೆಳಗೊಂದು ರೆಕ್ಕೆಯ ಹಳೆಯ ವಿಮಾನದ ಕಾಲುಭಾಗ ಅಳತೆಯ ರೇಡಿಯೋ ಮಾಡೆಲ್) ನಿನ್ನೆ ಮೊದಲ ಸಲ ಹಾರಿತು. ವಿಮಾನ ಉಳಿದಿದೆ. ಆದರೆ ಆ ಮೂರು ನಿಮಿಷ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮೊದಲು ವಿವರ. ರೆಕ್ಕೆಯ ಉದ್ದ 2.24 ಮೀಟರ್, 35 ಸಿಸಿ ಪೆಟ್ರೋಲ್ ಎಂಜಿನ್, ಇಂಧನ ಬಿಟ್ಟು ತೂಕ 9 ಕೆ.ಜಿ. ಬಾಲ್ಸಾ, ಪ್ಲೈವುಡ್, ಮೇಲೆ ಬಟ್ಟೆ ಹೊದಿಕೆ. ಅಸಲಿ ವಿಮಾನದ ಹಾಗೆ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ಬಾಗಿಸುವ ರೆಕ್ಕೆಯಂಚಿನ ಹಲಗೆ) ಕೆಳಗಿನ ರೆಕ್ಕೆಯಲ್ಲಿ ಮಾತ್ರ. ವೈರ್‌ಗಳು ಬರೀ ಅಂದಕ್ಕಲ್ಲ, ಭಾರ ಹೊರುತ್ತವೆ.

ಓಟದಲ್ಲಿ ಬಾಲ ಚೆನ್ನಾಗಿಯೇ ಎದ್ದಿತು. ನಾನು ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ಮುಟ್ಟುವ ಮೊದಲೇ ನೆಲ ಬಿಟ್ಟಿತು. ಮೂಗು ಮೇಲೆ, ಇನ್ನೂ ಮೇಲೆ. ಡೌನ್ ಟ್ರಿಮ್, ಅಂದರೆ ಮೂಗು ತಗ್ಗಿಸುವ ರೇಡಿಯೋ ಗುಂಡಿ, ಒತ್ತುತ್ತಲೇ ಹೋದೆ. ಟ್ರಿಮ್ ಮುಗಿದು ರೇಡಿಯೋ ಉದ್ದಕ್ಕೆ ಬೀಪ್ ಅಂದ ಮೇಲೂ ಸ್ಟಿಕ್ ಮುಂದಕ್ಕೆ ಒತ್ತಿ ಹಿಡಿಯಬೇಕಾಯಿತು. ಕೈ ಸ್ವಲ್ಪ ಅಲುಗಿದರೂ ವಿಮಾನ ಜಿಗಿಯುತ್ತಿತ್ತು. ಜೊತೆಗೆ ಬಲರೆಕ್ಕೆ ವಾಲುತ್ತಲೇ ಇತ್ತು. ಎಡಕ್ಕೆ ತಿರುಗಿಸೋಣ ಅಂತ ಐಲೆರಾನ್ ಕೊಟ್ಟರೆ ರೆಕ್ಕೆ ಎಡಕ್ಕೆ ಬಾಗಿತು, ಮೂಗು ಬಲಕ್ಕೆ ಹೋಯಿತು! ಹೇಗೋ ದೊಡ್ಡ ಸುತ್ತು ಹಾಕಿ ಹುಲ್ಲಿನ ಮೇಲೆ ಇಳಿಸಿದೆ.

ಮೈದಾನದಲ್ಲಿದ್ದವರು ಡೌನ್‌ಥ್ರಸ್ಟ್ (ಎಂಜಿನ್ ಕೆಳಮುಖವಾಗಿ ಬಾಗಿರುವುದು) ಸಾಲದು, ಎಂಜಿನ್ ಮೌಂಟ್ ಹಿಂದೆ ಎರಡು ವಾಷರ್ ಹಾಕು ಅಂದರು. ಸಿಜಿ (ವಿಮಾನ ಸಮತೋಲದಲ್ಲಿ ನಿಲ್ಲುವ ಬಿಂದು) ನಾನು ಮೂರು ಸಲ ನೋಡಿದ್ದೇನೆ, ಪ್ಲಾನ್‌ನಲ್ಲಿ ಇರುವಂತೆ 100 ಮಿ.ಮೀ.ನಲ್ಲೇ ಇದೆ. ವಾಷರ್ ಹಾಕಲಾ?

ಹಳೇರಿಗ್ಗರ್

ಬೇಡ. ವಾಷರ್ ಈಗಲೇ ಮುಟ್ಟಬೇಡಿ. ಮೊದಲ ಹಾರಾಟದಲ್ಲಿ ವಿಮಾನ ಉಳಿಸಿಕೊಂಡಿದ್ದೀರಿ, ಅದು ದೊಡ್ಡ ಕೆಲಸ. ಇನ್ನು ಅದು ಅಳತೆ ಆಗುವವರೆಗೆ ನೆಲ ಬಿಡಬಾರದು.

ಕೈ ಅಲುಗಿದರೆ ಜಿಗಿಯುತ್ತಿತ್ತು ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಬರೀ ಥ್ರಸ್ಟ್ ಲೈನ್ (ಎಂಜಿನ್ ಎಳೆಯುವ ದಿಕ್ಕು) ತಪ್ಪಿದ್ದರೆ ಥ್ರಾಟಲ್ ಇಳಿಸಿದ ಕೂಡಲೇ ಮೂಗು ತಗ್ಗಬೇಕು, ವಿಮಾನ ಶಾಂತವಾಗಬೇಕು. ನಿಮ್ಮದು ಶಾಂತವಾಗಲಿಲ್ಲ ಅಲ್ವಾ? ಬಾಲ ಭಾರ ಇರುವ ವಿಮಾನದ ನಡತೆ ಇದು.

ಸಿಜಿ 100 ಮಿ.ಮೀ. ಅಂದಿರಿ. ಎಲ್ಲಿಂದ 100? ಯಾವ ರೆಕ್ಕೆ, ಯಾವ ರಿಬ್ (ರೆಕ್ಕೆಯೊಳಗಿನ ಅಡ್ಡಪಟ್ಟಿ)? ಬೆರಳಿನ ಮೇಲೆ ಎತ್ತಿ ನೋಡಿದಿರಾ, ಸ್ಟ್ಯಾಂಡ್ ಮೇಲಾ?

ಟೈಗರ್ ಮಾತ್‌ನಲ್ಲಿ ಈ ಪ್ರಶ್ನೆ ಕೇಳಲೇಬೇಕು. ಅಸಲಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ಅದಕ್ಕೂ ಹಿಂದಿನ ಮಾತ್‌ಗಳಲ್ಲಿ ಮುಂದಿನ ಕಾಕ್‌ಪಿಟ್ ಸರಿಯಾಗಿ ಮೇಲಿನ ರೆಕ್ಕೆಯ ಕೆಳಗೆ, ಕಬೇನ್ ಸ್ಟ್ರಟ್‌ಗಳ (ಮೇಲಿನ ರೆಕ್ಕೆಯನ್ನು ಒಡಲಿಗೆ ಹಿಡಿದ ಕಂಬಗಳು) ನಡುವೆ ಇತ್ತು. ಪ್ಯಾರಾಶೂಟ್ ಕಟ್ಟಿಕೊಂಡವರು ಅಲ್ಲಿಂದ ಬೇಗ ಹೊರಬರಲು ಆಗುತ್ತಿರಲಿಲ್ಲ. ಅದಕ್ಕೆ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ರೆಕ್ಕೆ ಮುಂದೆ ಹೋದರೆ ಲಿಫ್ಟ್ (ಎತ್ತುವ ಬಲ) ಕೂಡ ಮುಂದೆ ಹೋಗುತ್ತದೆ. ಅದನ್ನು ಸರಿತೂಗಿಸಲು ರೆಕ್ಕೆಗಳ ತುದಿಯನ್ನು ಹಿಂದಕ್ಕೆ ಬಾಗಿಸಿದರು. ಆ ಬಾಗು ನಿಮ್ಮ ಮಾಡೆಲ್‌ನಲ್ಲೂ ಇದೆ. ಹಾಗಾಗಿ ಮುಂದಿನ ಅಂಚಿನಿಂದ ಇಷ್ಟು ಅಂದರೆ ಸಾಲದು. ರೆಕ್ಕೆಯ ಉದ್ದಕ್ಕೂ ಆ ಅಂಚು ಜಾಗ ಬದಲಿಸುತ್ತಾ ಹೋಗುತ್ತದೆ.

ಎರಡುರೆಕ್ಕೆ

ಕೆಳಗಿನ ರೆಕ್ಕೆಯ ಮುಂದಿನ ಅಂಚಿನಿಂದ 100. ಪ್ಲಾನ್‌ನಲ್ಲಿ ಬುಡದಲ್ಲಿ (ರೆಕ್ಕೆ ಒಡಲಿಗೆ ಸೇರುವಲ್ಲಿ) ಅಂತಲೇ ಇದೆ. ಆದರೆ ಬುಡದಲ್ಲಿ ಚಕ್ರ ಹೊತ್ತ ಅಂಡರ್‌ಕ್ಯಾರೇಜ್ ಕಾಲುಗಳು ಅಡ್ಡ ಬರುತ್ತವೆ, ಸ್ಟ್ಯಾಂಡಿನ ತೋಳು ಅಲ್ಲಿ ಕೂರಲ್ಲ. ಮೂರನೇ ರಿಬ್ ಹತ್ತಿರ, ಬುಡದಿಂದ ಸುಮಾರು 190 ಮಿ.ಮೀ. ಆಚೆ, 100 ಗುರುತು ಹಾಕಿ ಅಲ್ಲಿ ಎತ್ತಿದೆ. ಅಷ್ಟು ದೂರದಲ್ಲಿ ಏನು ವ್ಯತ್ಯಾಸ ಆಗುತ್ತೆ ಅಂದುಕೊಂಡೆ.

ಬಾಲ್ಸಾಧೂಳು

ಅಲ್ಲೇ ಇದೆ ಉತ್ತರ. ಆದರೂ ಊಹೆ ಬೇಡ, ತೂಕ ಮಾಡಿ. ಸ್ಟ್ಯಾಂಡ್ ಇಲ್ಲದೆ ಸಿಜಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಟ್ಯಾಂಕ್ ಖಾಲಿ ಇರಲಿ. ನಮ್ಮ ಮಾಡೆಲ್‌ಗಳಲ್ಲಿ ಟ್ಯಾಂಕ್ ಸಾಮಾನ್ಯವಾಗಿ ಸಿಜಿಗಿಂತ ಮುಂದೆ ಇರುತ್ತದೆ, ಇಂಧನ ಮುಗಿದಂತೆ ಸಿಜಿ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಖಾಲಿ ಟ್ಯಾಂಕ್‌ನಲ್ಲೇ ನೋಡುವುದು. ಎರಡು ಚಕ್ರ ಎರಡು ತಕ್ಕಡಿ ಮೇಲೆ, ಬಾಲ ಇನ್ನೊಂದರ ಮೇಲೆ. ಬಾಲದ ತಕ್ಕಡಿಯನ್ನು ಎತ್ತರಿಸಿ ಫ್ಯೂಸಲಾಜ್ (ವಿಮಾನದ ಒಡಲು) ಮಟ್ಟ ಮಾಡಿ. ಬಾಲದ ತೂಕವನ್ನು ಚಕ್ರದ ಆಕ್ಸಲ್‌ನಿಂದ ಬಾಲ ಊರುವ ಜಾಗಕ್ಕಿರುವ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ಬರುವ ಉತ್ತರ ಆಕ್ಸಲ್‌ನಿಂದ ಸಿಜಿ ಎಷ್ಟು ಹಿಂದಿದೆ ಅನ್ನುವುದು.

ಹಾಗೇ ಕೆಳಗಿನ ರೆಕ್ಕೆಯ ತುದಿ ಬುಡಕ್ಕಿಂತ ಎಷ್ಟು ಹಿಂದಿದೆ ಅಂತಲೂ ಅಳೆದು ಹೇಳಿ.

ಎರಡುರೆಕ್ಕೆ

ಅಳೆದೆ. ಅಡುಗೆಮನೆ ತಕ್ಕಡಿ ಬಾಲಕ್ಕೆ, ದೊಡ್ಡವು ಎರಡು ಚಕ್ರಕ್ಕೆ. ಒಟ್ಟು 9 ಕೆ.ಜಿ., ಬಾಲದಲ್ಲಿ 1.04 ಕೆ.ಜಿ. ಆಕ್ಸಲ್‌ನಿಂದ ಬಾಲಕ್ಕೆ 1300 ಮಿ.ಮೀ. ಅಂದರೆ ಸಿಜಿ ಆಕ್ಸಲ್‌ನಿಂದ 150 ಹಿಂದೆ. ಆಕ್ಸಲ್ ಇರುವುದು ಕೆಳಗಿನ ರೆಕ್ಕೆಯ ಬುಡದ ಅಂಚಿಗಿಂತ 20 ಮುಂದೆ.

ಹಾಗಾದರೆ ಬುಡದಿಂದ ಸಿಜಿ 130. ಪ್ಲಾನ್ ಹೇಳುವುದು 100!

ತುದಿ ಬುಡಕ್ಕಿಂತ 160 ಮಿ.ಮೀ. ಹಿಂದಿದೆ. ಒಂದು ಕಡೆಯ ರೆಕ್ಕೆಯ ಉದ್ದ 1040.

ಬಾಲ್ಸಾಧೂಳು

ಲೆಕ್ಕ ಕೂಡಿಬಂತು ನೋಡಿ. 1040ಕ್ಕೆ 160 ಹಿಂದೆ ಹೋದರೆ 190ಕ್ಕೆ ಹತ್ತಿರ ಹತ್ತಿರ 30. ಮೂರನೇ ರಿಬ್‌ನಲ್ಲಿ ಅಂಚೇ 30 ಹಿಂದಿತ್ತು, ನಿಮ್ಮ 100ರ ಗುರುತು ಕೂಡ 30 ಹಿಂದೆ ಬಿತ್ತು. ನಿಮ್ಮ ರೆಕ್ಕೆಯ ಅಗಲ 330 ಇರಬೇಕು. ಅದರಲ್ಲಿ 30 ಅಂದರೆ ಶೇ 9. ಎರಡೂ ರೆಕ್ಕೆಯ ಸರಾಸರಿಯಲ್ಲಿ ಶೇ 25ರಲ್ಲಿ ಇರಬೇಕಾದ ಸಿಜಿ ಶೇ 34ಕ್ಕೆ ಹೋಗಿದೆ. ಆ ಸ್ಥಿತಿಯಲ್ಲಿ ಇಳಿಸಿದ್ದೀರಿ, ನಿಜಕ್ಕೂ ಭೇಷ್.

ಪ್ಲಾನ್‌ನ 100 ಸರಿಯೇ ಅಂತ ನೋಡಲು ಎರಡೂ ರೆಕ್ಕೆ ಸೇರಿಸಿ ಲೆಕ್ಕ ಹಾಕಬಹುದು. ಪ್ರತಿ ರೆಕ್ಕೆಯ ಉದ್ದದ ಅರ್ಧದಲ್ಲಿ ಮುಂದಿನ ಅಂಚು ಎಲ್ಲಿದೆ ಗುರುತಿಸಿ. ಎರಡು ರೆಕ್ಕೆಯ ವಿಸ್ತೀರ್ಣ ಒಂದೇ ಇದ್ದರೆ ಆ ಎರಡು ಅಂಚುಗಳ ಸರಿ ನಡುವೆ ಒಂದು ಕಲ್ಪನೆಯ ರೆಕ್ಕೆ ಇದೆ ಅಂದುಕೊಳ್ಳಿ. ಅದರ ಶೇ 25ರಲ್ಲಿ ಮೊದಲ ಹಾರಾಟದ ಸಿಜಿ. ಇಂಥ ಒಂದೇ ಅಳತೆಯ ರೆಕ್ಕೆಗಳ ಯಾವ ಬೈಪ್ಲೇನ್‌ಗಾದರೂ (ಎರಡು ರೆಕ್ಕೆಯ ವಿಮಾನ) ಈ ಲೆಕ್ಕ ನಡೆಯುತ್ತದೆ. ಒಂದೇ ರೆಕ್ಕೆ ನೋಡಿ ಸಿಜಿ ಇಟ್ಟವರ ಎಷ್ಟೋ ಬೈಪ್ಲೇನ್‌ಗಳು ಮೊದಲ ದಿನವೇ ನೆಲ ಕಂಡಿವೆ.

ಈಗ ಮೂಗಿಗೆ ತೂಕ ಕೊಡುವ ಸೀಸ. 9 ಕೆ.ಜಿ.ಯನ್ನು 30 ಮುಂದೆ ತರಬೇಕು. ಫೈರ್‌ವಾಲ್ (ಎಂಜಿನ್ ಕೂರುವ ಹಲಗೆ) ಹೊಸ ಸಿಜಿಯಿಂದ 450 ಮುಂದಿದೆ ಅಂದುಕೊಂಡರೆ 600 ಗ್ರಾಂ ಬೇಕು. ಅದು ಜಾಸ್ತಿ. ಬ್ಯಾಟರಿಗಳು ಎಲ್ಲಿವೆ?

ಎರಡುರೆಕ್ಕೆ

ರಿಸೀವರ್ ಬ್ಯಾಟರಿ, ಇಗ್ನಿಷನ್ ಬ್ಯಾಟರಿ ಎರಡೂ ಹಿಂದಿನ ಕಾಕ್‌ಪಿಟ್ ಕೆಳಗೆ. ಒಟ್ಟು 300 ಗ್ರಾಂ. ಮೂಗಿಗೆ ತಂದರೆ 600 ಮಿ.ಮೀ. ಮುಂದೆ ಬರುತ್ತವೆ.

ಬಾಲ್ಸಾಧೂಳು

ತನ್ನಿ. ಅಷ್ಟರಲ್ಲೇ ಮೂರನೇ ಎರಡು ಭಾಗ ಕೆಲಸ ಆಯಿತು. ಉಳಿದದ್ದಕ್ಕೆ 200 ಗ್ರಾಂ ಸೀಸ ಸಾಕು. ಸೀಸವನ್ನು ಬೋಲ್ಟ್ ಹಾಕಿ ಕೂರಿಸಿ, ಅಂಟು ನಂಬಬೇಡಿ, ಪೆಟ್ರೋಲ್ ಎಂಜಿನ್ ಕಂಪನ ಎಲ್ಲವನ್ನೂ ಬಿಡಿಸುತ್ತದೆ. ಬ್ಯಾಟರಿಗೆ ಸುತ್ತ ಫೋಮ್ ಇರಲಿ. ರಿಸೀವರ್ ಮಾತ್ರ ಹಿಂದೆಯೇ ಇರಲಿ, ಇಗ್ನಿಷನ್ ಬಾಕ್ಸ್ ಪಕ್ಕಕ್ಕೆ ತರಬೇಡಿ.

ಹಳೇರಿಗ್ಗರ್

ಸಿಜಿ ಸಿಕ್ಕಿತು, ಸಂತೋಷ. ಬಲಕ್ಕೆ ವಾಲುವುದು ಬೇರೆ ಕಥೆ. ಇನ್ಸಿಡೆನ್ಸ್ (ರೆಕ್ಕೆ ಒಡಲಿಗೆ ಕೂತ ಕೋನ) ಅಳೆಯುವ ಮೀಟರ್ ಇದ್ದರೆ ನಾಲ್ಕೂ ರೆಕ್ಕೆಗಳನ್ನು ವೈರ್ ಕಟ್ಟಿದ ಸ್ಥಿತಿಯಲ್ಲೇ ಅಳೆಯಿರಿ. ಬುಡದಲ್ಲಿ ಒಂದು ಸಲ, ಇಂಟರ್‌ಪ್ಲೇನ್ ಸ್ಟ್ರಟ್ (ಎರಡು ರೆಕ್ಕೆಗಳ ನಡುವಿನ ಕಂಬ) ಹತ್ತಿರ ಒಂದು ಸಲ. ಬುಡದಲ್ಲಿ ಮಾತ್ರ ನೋಡಿದರೆ ತಿರುಚು ಕಾಣಲ್ಲ.

ಎರಡುರೆಕ್ಕೆ

ಬುಡದಲ್ಲಿ ನಾಲ್ಕೂ 2 ಡಿಗ್ರಿ. ಸ್ಟ್ರಟ್ ಹತ್ತಿರ ಮೇಲಿನ ಎರಡೂ 2, ಕೆಳಗೆ ಎಡಕ್ಕೆ 2. ಕೆಳಗಿನ ಬಲರೆಕ್ಕೆ 0.8.

ಹಳೇರಿಗ್ಗರ್

ಬಲಗಡೆಯ ಹಿಂದಿನ ಲ್ಯಾಂಡಿಂಗ್ ವೈರ್ ಮೇಲೆ ಬೆರಳಿಟ್ಟು ಮೀಟಿ. ಆಮೇಲೆ ಎಡಗಡೆಯದು. ಬಲದ ಸ್ವರ ಎತ್ತರ ಇರುತ್ತದೆ ನೋಡಿ.

ಹೇಗೆ ಅಂತ ಹೇಳುತ್ತೇನೆ. ಲ್ಯಾಂಡಿಂಗ್ ವೈರ್ ಮೇಲಿನ ಕಬೇನ್‌ನಿಂದ ಇಳಿದು ಕೆಳಗಿನ ರೆಕ್ಕೆಯ ಸ್ಟ್ರಟ್ ಬುಡಕ್ಕೆ ಬರುತ್ತದೆ, ರೆಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ. ಹಿಂದಿನದು ಜಾಸ್ತಿ ಬಿಗಿಯಾದರೆ ರೆಕ್ಕೆಯ ಹಿಂದಿನ ಅಂಚು ಮೇಲೇಳುತ್ತದೆ, ಇನ್ಸಿಡೆನ್ಸ್ ಇಳಿಯುತ್ತದೆ. ಆ ಕಡೆ ಲಿಫ್ಟ್ ಕಡಿಮೆ, ರೆಕ್ಕೆ ವಾಲುತ್ತದೆ.

ಎಲ್ಲ ವೈರ್‌ಗಳನ್ನೂ ಸಡಿಲ ಮಾಡಿ. ಸುಮ್ನೆ ಒಂದನ್ನೇ ತಿರುಗಿಸಿದರೆ ಸಮಸ್ಯೆ ಇನ್ನೊಂದು ಮೂಲೆಗೆ ಹೋಗುತ್ತದೆ. ಮೊದಲು ಲ್ಯಾಂಡಿಂಗ್ ವೈರ್‌ನಲ್ಲಿ ಡೈಹೆಡ್ರಲ್ (ರೆಕ್ಕೆಯ ತುದಿ ಮೇಲಕ್ಕೆ ಏರುವ ಕೋನ) ಸರಿ ಮಾಡಿ, ಮೀಟರ್ ರೆಕ್ಕೆ ಮೇಲೇ ಇರಲಿ. ಆಮೇಲೆ ಫ್ಲೈಯಿಂಗ್ ವೈರ್, ಅಂದರೆ ಹಾರುವಾಗ ಭಾರ ಹೊರುವವು. ಎಡ ಬಲ ಜೋಡಿಯಾಗಿ, ಒಂದು ಸಲಕ್ಕೆ ಅರ್ಧ ಸುತ್ತು. ಜೋತು ಬೀಳಬಾರದು, ಪಿಟೀಲಿನ ತಂತಿಯ ಹಾಗೂ ಆಗಬಾರದು. ಒಂದೇ ಉದ್ದದ ಎಡ ಬಲ ವೈರ್‌ಗಳು ಒಂದೇ ಸ್ವರ ಕೊಟ್ಟರೆ ಮುಗಿಯಿತು. ಉದ್ದದ ವೈರ್‌ಗೆ ಗಿಡ್ಡದ್ದನ್ನು ಹೋಲಿಸಬೇಡಿ. ಕೊನೆಗೆ ಲಾಕ್‌ನಟ್ ಬಿಗಿಸಿ, ಬಿಗಿಸುವಾಗ ಕ್ಲೆವಿಸ್ (ವೈರ್ ತುದಿಯ ಕೊಂಡಿ) ತಿರುಗದಂತೆ ಹಿಡಿದುಕೊಳ್ಳಿ. ಮೀಟರ್ ಇನ್ನೊಮ್ಮೆ ನೋಡಿ.

ಮೈದಾನದಂಚು

ಮೂಗು ಉಲ್ಟಾ ಹೋಗಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಅದು ಕಟ್ಟಿದ್ದರಲ್ಲಿ ತಪ್ಪಲ್ಲ, ಐಲೆರಾನ್ ಸೆಟ್ಟಿಂಗ್. ಕೆಳಗಿಳಿಯುವ ಐಲೆರಾನ್ ಆ ಕಡೆಯ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತದೆ. ಅಸಲಿ ಟೈಗರ್‌ನಲ್ಲಿ ಇದಕ್ಕೇ ಕೆಳಗಿಳಿಯುವುದನ್ನು ತುಂಬಾ ಕಡಿಮೆ ಇಟ್ಟಿದ್ದರು. ನೀವೂ ಮೇಲಕ್ಕೆ 25 ಮಿ.ಮೀ. ಕೊಟ್ಟರೆ ಕೆಳಕ್ಕೆ 8 ಕೊಡಿ. ಎರಡು ಸರ್ವೋ (ಐಲೆರಾನ್ ಅಲುಗಿಸುವ ಮೋಟಾರ್) ಬೇರೆ ಬೇರೆ ಚಾನಲ್‌ನಲ್ಲಿದ್ದರೆ ರೇಡಿಯೋದಲ್ಲೇ ಆಗುತ್ತದೆ. ಜೊತೆಗೆ ಐಲೆರಾನ್‌ಗೆ ಶೇ 20 ರಡ್ಡರ್ ಮಿಕ್ಸ್ ಹಾಕಿ, ಐಲೆರಾನ್ ಕೊಟ್ಟಾಗ ಮೂಗು ತಿರುಗಿಸುವ ಬಾಲದ ರಡ್ಡರ್ ತಾನೇ ಜೊತೆಗೆ ಬರುತ್ತದೆ.

ಹಳೇರಿಗ್ಗರ್

ಡಿಫರೆನ್ಷಿಯಲ್, ಅಂದರೆ ಐಲೆರಾನ್ ಮೇಲಕ್ಕೆ ಜಾಸ್ತಿ ಕೆಳಕ್ಕೆ ಕಡಿಮೆ, ಒಪ್ಪುತ್ತೇನೆ. ಮಿಕ್ಸ್ ಬೇಡ ಅಂತ ನನ್ನ ಮಾತು. ಅಡ್ಡಗಾಳಿಯಲ್ಲಿ ಇಳಿಯುವಾಗ ಐಲೆರಾನ್ ಒಂದು ಕಡೆ, ರಡ್ಡರ್ ಇನ್ನೊಂದು ಕಡೆ ಬೇಕು. ಮಿಕ್ಸ್ ಆಗ ಕೈಗೆ ವಿರುದ್ಧ ಹೋಗುತ್ತದೆ. ಬೈಪ್ಲೇನ್ ಹಾರಿಸುವವರ ಎಡಗೈ ಹೆಬ್ಬೆರಳು ರಡ್ಡರ್ ಕಲಿಯಲೇಬೇಕು.

ಮೈದಾನದಂಚು

ಸರಿ, ಸ್ವಿಚ್‌ನಲ್ಲಿ ಇಡಿ. ಮೊದಲ ನಾಲ್ಕು ಹಾರಾಟಕ್ಕೆ ಆನ್, ಇಳಿಯುವಾಗ ಆಫ್. ಇನ್ನೊಂದು ಮಾತು. ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಬೇಡಿ. ಅಷ್ಟು ವೈರ್, ಅಷ್ಟು ಸ್ಟ್ರಟ್ ಗಾಳಿಗೆ ಅಡ್ಡ ನಿಂತಿವೆ. ಎಂಜಿನ್ ಮುಚ್ಚಿದರೆ ವೇಗ ಕೂಡಲೇ ಸಾಯುತ್ತದೆ. ಚಕ್ರ ನೆಲ ಮುಟ್ಟುವವರೆಗೆ ಸ್ವಲ್ಪ ಪವರ್ ಇರಲಿ.

ಎರಡುರೆಕ್ಕೆ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಬ್ಯಾಟರಿ ಮುಂದೆ ಬಂತು, 200 ಗ್ರಾಂ ಸೀಸ ಬೋಲ್ಟ್ ಆಯಿತು, ಬಾಲದ ತಕ್ಕಡಿ ಈಗ 850 ಗ್ರಾಂ ತೋರಿಸುತ್ತದೆ. ವೈರ್ ನೀವು ಹೇಳಿದಂತೆಯೇ ಇತ್ತು. ಬಲದ್ದು ಟಿಣ್ ಅಂತು, ಎಡದ್ದು ಟೊಣ್ ಅಂತು. ಈಗ ಎರಡಕ್ಕೂ ಒಂದೇ ಸ್ವರ, ಮೀಟರ್ ನಾಲ್ಕೂ ಕಡೆ 2 ಡಿಗ್ರಿ.

ನಿನ್ನೆ ಮೂರು ಸಲ ಹಾರಿಸಿದೆ. ನೆಲ ಬಿಟ್ಟ ಮೇಲೆ ಡೌನ್ ಟ್ರಿಮ್ ನಾಲ್ಕೇ ಟಿಕ್. ಐಲೆರಾನ್ ಟ್ರಿಮ್ ಸೊನ್ನೆ. ತಲೆಯ ಮೇಲೆ ಹಾದುಹೋಗುವಾಗ ವೈರ್‌ಗಳು ಸುಂಯ್ ಅನ್ನುವ ಸದ್ದು ಎಂಜಿನ್ ಸದ್ದಿನ ಕೆಳಗೆ ಕೇಳಿಸಿತು. ಆ ಸದ್ದಿಗೇ ಹದಿನಾಲ್ಕು ತಿಂಗಳು ಕಾದಿದ್ದೆ.

ಒಂದು ಉಳಿದಿದೆ. ಪೂರ್ತಿ ಥ್ರಾಟಲ್ ಕೊಟ್ಟರೆ ಮೂಗು ಸ್ವಲ್ಪ ಏಳುತ್ತದೆ, ಇಳಿಸಿದರೆ ತಗ್ಗುತ್ತದೆ. ಈಗ ವಾಷರ್ ಹಾಕಬಹುದಾ?

ಹಳೇರಿಗ್ಗರ್

ಅದಕ್ಕೂ ಮೊದಲು ಡೈವ್ ಟೆಸ್ಟ್. ಸಾಕಷ್ಟು ಎತ್ತರದಲ್ಲಿ ನೇರ ಹಾರುವಂತೆ ಟ್ರಿಮ್ ಮಾಡಿ, ಥ್ರಾಟಲ್ ಐಡಲ್‌ಗೆ ತಂದು 30 ಡಿಗ್ರಿ ಡೈವ್‌ಗೆ ಇಳಿಸಿ ಸ್ಟಿಕ್ ಬಿಡಿ. ನಿಧಾನವಾಗಿ ತಾನೇ ಮೇಲೆದ್ದರೆ ಸಿಜಿ ಸರಿ. ಜೋರಾಗಿ ಎದ್ದರೆ ಮೂಗು ಭಾರ. ಇನ್ನೂ ಕೆಳಗೆ ಬಾಗಿದರೆ ಬಾಲ ಭಾರ, ಕೂಡಲೇ ಹಿಡಿಯಿರಿ. ಸಿಜಿ ಸರಿ ಅಂತ ಗೊತ್ತಾದ ಮೇಲೆ ಒಂದೇ ಒಂದು ವಾಷರ್, ಮೇಲಿನ ಎರಡು ಬೋಲ್ಟ್‌ಗಳ ಹಿಂದೆ. ಹಾರಿಸಿ ನೋಡಿ. ಒಂದು ಹಾರಾಟಕ್ಕೆ ಒಂದೇ ಬದಲಾವಣೆ.

ಎರಡುರೆಕ್ಕೆ

ಡೈವ್ ಟೆಸ್ಟ್ ಇವತ್ತು ಬೆಳಿಗ್ಗೆ ಮಾಡಿದೆ, ನಿಧಾನವಾಗಿ ಎದ್ದಿತು. ಒಂದು ವಾಷರ್ ಹಾಕಿದೆ, ಮೂಗು ಏಳುವುದು ನಿಂತಿತು. ಎಲ್ಲರಿಗೂ ಮನಸಾರೆ ಧನ್ಯವಾದ.

ಇದೇ ಕಿಟ್ ಕಟ್ಟುತ್ತಿರುವವರಿಗೆ: ಫ್ಯೂಸಲಾಜ್ ಪಕ್ಕದಲ್ಲಿ, ಬುಡದಿಂದ ಸರಿಯಾಗಿ 100ರಲ್ಲಿ, ಎರಡೂ ಕಡೆ ಗಟ್ಟಿ ಮರದ ತುಂಡಿಗೆ ಒಂದೊಂದು ಹಿತ್ತಾಳೆ ಸ್ಕ್ರೂ ಹಾಕಿದ್ದೇನೆ. ಹಗ್ಗದ ಕುಣಿಕೆ ಅದಕ್ಕೇ ಸಿಕ್ಕಿಸಿ ಮೇಲಿಂದ ತೂಗುಹಾಕಿದರೆ ಸಿಜಿ ನೋಡಬಹುದು, ಅಂಡರ್‌ಕ್ಯಾರೇಜ್ ಅಡ್ಡ ಬರಲ್ಲ. ಹೊದಿಕೆ ಹಾಕುವ ಮೊದಲೇ ಆ ಮರದ ತುಂಡು ಇಟ್ಟುಕೊಳ್ಳಿ, ನಾನು ಆಮೇಲೆ ಬಟ್ಟೆ ಕತ್ತರಿಸಿ ಇಡಬೇಕಾಯಿತು.