ಅಪ್‌ಡೇಟ್: ಒಂದೇ ದಿನದಲ್ಲಿ ಮುಂಬೈನ ಎರಡು ಮುಖಗಳು

ಅಮ್ಮನೊಂದಿಗೆ ಒಂದೇ ದಿನದಲ್ಲಿ ಮುಂಬೈನ ವೈಭವವನ್ನೂ ದುಡಿಮೆಯನ್ನೂ ಗೈಡ್ ಸಹಾಯದಿಂದ ನೋಡುವುದು ಹೇಗೆಂದು ಕಳೆದ ವಾರ ಕೇಳಿದ್ದೆ. ಕಾರಿನ ಬದಲು ಲೋಕಲ್ ರೈಲು ಹಿಡಿಯಿರಿ ಎಂಬ ಸಲಹೆಯೇ ಕೈಹಿಡಿಯಿತು. ಚರ್ಚ್‌ಗೇಟ್ ಬಳಿಯ ಓವಲ್ ಮೈದಾನದ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತಿರುವ, 2018ರಲ್ಲಿ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗೋಥಿಕ್ ಮತ್ತು ಆರ್ಟ್ ಡೆಕೊ ಶೈಲಿಯ ಕಟ್ಟಡಗಳನ್ನು ನೋಡಿ, ಮಹಾಲಕ್ಷ್ಮಿ ನಿಲ್ದಾಣದ ಪಕ್ಕದ ಸೇತುವೆಯಿಂದ ಬಟ್ಟೆ ಒಗೆಯುವ ಬಯಲು ತಾಣವಾದ ಧೋಬಿ ಘಾಟ್ ಕಂಡು, ಮಾಹಿಮ್‌ನಲ್ಲಿ ಇಳಿದು ಧಾರಾವಿ ತಲುಪಿದೆವು. ದಾದರ್‌ನಿಂದ ಬೆಳಿಗ್ಗೆ 9ಕ್ಕೇ ಹೊರಡಿ ಎಂಬ ಸಲಹೆ ಮಾತ್ರ ಫಲಿಸಲಿಲ್ಲ. ಆ ನೂಕುನುಗ್ಗಲಿನಲ್ಲಿ ಮೂರು ರೈಲುಗಳನ್ನು ಬಿಡಬೇಕಾಯಿತು, ವಯಸ್ಸಾದವರಿದ್ದರೆ 11ರ ನಂತರವೇ ಹೊರಡಿ. ಧಾರಾವಿಯೊಳಗಿನ ಕುಂಬಾರವಾಡಾದ ಕುಂಬಾರರ ಮೂಲ ಗುಜರಾತಿನ ಸೌರಾಷ್ಟ್ರವೆಂಬುದು ನನಗೆ ಹೊಸ ವಿಷಯ. ಗೈಡ್ ಕೋರಿಕೆಯಂತೆ ಅಲ್ಲಿ ಫೋಟೊ ತೆಗೆಯಲಿಲ್ಲ. ಅಜ್ಜಿಯೊಬ್ಬರು ಕೊಟ್ಟ ಹಸಿ ಹಣತೆಯ ಮೇಲೆ ಅಮ್ಮನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿದೆ.