ಸಹಾಯ ಬೇಕು: ಬೋರ್‌ವೆಲ್ ಇಳುವರಿ ಲೆಕ್ಕ ನೀರಗಂಟಿಗಳಿಗೆ ಹೇಗೆ ಹೇಳಿಕೊಡುವುದು?

ಎಲ್ಲರಿಗೂ ನಮಸ್ಕಾರ. ಪಾವಗಡದ ಕಡೆ ಹಳ್ಳಿಗಳ ನೀರಗಂಟಿಗಳಿಗೆ (ಊರಿಗೆ ನೀರು ಬಿಡುವವರಿಗೆ) ಒಂದು ದಿನದ ತರಬೇತಿ ಕೊಡಬೇಕಾಗಿದೆ. ಕ್ಲೋರಿನ್, ವಾಲ್ವ್, ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಬಾರದು, ಇದೆಲ್ಲ ಸಲೀಸು. ಇಳುವರಿಯ, ಅಂದರೆ ಬೋರ್ ಗಂಟೆಗೆ ಎಷ್ಟು ನೀರು ಕೊಡುತ್ತದೆ ಎಂಬ ಲೆಕ್ಕದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಉದಾಹರಣೆಗೆ 900 ಜನರ ಊರು. ತಲೆಗೆ 55 ಲೀಟರ್ ಅಂದರೆ ದಿನಕ್ಕೆ 49,500 ಲೀಟರ್ ಬೇಕು. ಅಲ್ಲಿನ ಬೋರ್ ಆನ್ ಮಾಡಿದಾಗ 200 ಲೀಟರ್ ಡ್ರಮ್ 4 ನಿಮಿಷಕ್ಕೆ ತುಂಬಿತು. ಗಂಟೆಗೆ 3,000 ಲೀಟರ್. ಹದಿನಾರೂವರೆ ಗಂಟೆ ಓಡಿಸಿದರೆ ಸಾಕು ಅಲ್ವಾ? ಆದರೆ 2 ಗಂಟೆಯ ನಂತರ ಅದೇ ಡ್ರಮ್‌ಗೆ 7 ನಿಮಿಷ ಬೇಕಾಯಿತು. ಈ ಲೆಕ್ಕದಲ್ಲಿ ಇಡೀ ದಿನ ಓಡಿಸಿದರೂ ಸಾಲುವುದಿಲ್ಲ! ಗಟ್ಟಿ ಬಂಡೆಯ ಬಿರುಕಿನಲ್ಲಿರುವ ನೀರು, ಇಳಿಯುವುದು ಸಹಜ. ಆದರೆ ಮೊದಲ ಅಳತೆ ನಂಬಿ, ನೀರಿಲ್ಲದೆ ಓಡಿಸಿ ಮೋಟರ್ ಸುಟ್ಟುಕೊಂಡರೆ ಊರಿಗೆ ನೀರಿಲ್ಲ, ಅದೇ ನನ್ನ ಚಿಂತೆ.

ನೀರಿನ ಮಟ್ಟ ನೋಡೋಣ ಅಂತ ಟೇಪ್ ಇಳಿಬಿಟ್ಟೆವು. ಪೈಪು, ಕೇಬಲ್ ನಡುವೆ ಸಿಕ್ಕಿಕೊಂಡಿತು.

ಅನುಭವ ಇರುವವರು ಹೇಳಿ: ಎಷ್ಟು ಗಂಟೆ ಓಡಿಸಿದ ಮೇಲಿನ ಅಳತೆಯನ್ನು ನಿಜವಾದ ಇಳುವರಿ ಅನ್ನಬೇಕು? ಮೋಟರ್ ಎತ್ತದೆ, ಕಡಿಮೆ ಖರ್ಚಿನಲ್ಲಿ ನೀರಿನ ಮಟ್ಟ ಅಳೆಯುವುದು ಹೇಗೆ?